ಚೀಟಿಯಲ್ಲಿಲ್ಲದ ಬೂಷ್ಟು

ನನ್ನ ಹೆಸರಿಗೆ ಸರಕಾರದಿಂದ ಬಂದ ಕಾಗದಗಳು ಬಹಳ ಇಲ್ಲ. ಪಿಂಚಣಿಯ ಆದೇಶ ಒಂದು, ಮತದಾರರ ಗುರುತಿನ ಚೀಟಿ ಒಂದು, ಮಸಗುಪ್ಪಿಯಲ್ಲಿ ತವರಿನಿಂದ ಬಂದ ಎರಡು ಎಕರೆ ಇಪ್ಪತ್ತು ಗುಂಟೆಯ ಉತಾರ ಒಂದು. 2018ರಲ್ಲಿ ಇವುಗಳ ಜೊತೆಗೆ ಇನ್ನೊಂದು ಬಂದು ಸೇರಿತು: ಮಣ್ಣು ಆರೋಗ್ಯ ಚೀಟಿ. ಮನುಷ್ಯರಿಗೆ ಆಸ್ಪತ್ರೆಯ ಚೀಟಿ ಇದ್ದಂತೆ ಮಣ್ಣಿಗೂ ಒಂದು. ನೋಡಿ ಖುಷಿಯಾಯಿತು. ಕನ್ನಡಕ ಹಾಕಿಕೊಂಡು ಓದಿದೆ. ರಸಸಾರ, ಲವಣಾಂಶ, ಸಾವಯವ ಇಂಗಾಲ; ಆಮೇಲೆ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ; ಆಮೇಲೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಎಣಿಸಿದರೆ ಹನ್ನೆರಡು. ಒಂದೊಂದರ ಮುಂದೆಯೂ ಕಡಿಮೆ, ಮಧ್ಯಮ, ಅಧಿಕ ಎಂಬ ಮಾತು. ಕೆಳಗೆ ಎಷ್ಟು ಗೊಬ್ಬರ ಹಾಕಬೇಕೆಂಬ ಸಲಹೆ. ಫೈಲಿಗೆ ಸೇರಿಸಿ ಕಪಾಟಿನಲ್ಲಿಟ್ಟೆ.

ಅದನ್ನು ಮತ್ತೆ ತೆಗೆದು ನೋಡಿದ್ದು ಮೂರು ವರ್ಷದ ಮೇಲೆ. ಆಗ ನನ್ನ ತಲೆಗೆ ಹೊಳೆದ ಮಾತು ಇಷ್ಟು: ಆರೋಗ್ಯ ಎಂದು ಹೆಸರಿಟ್ಟ ಈ ಚೀಟಿಯ ಹನ್ನೆರಡು ಸಾಲುಗಳಲ್ಲಿ ಜೀವ ಇರುವುದು ಒಂದೂ ಇಲ್ಲ. ಸಾವಯವ ಇಂಗಾಲವೊಂದು ಜೀವ ಇದ್ದುಹೋದ ಗುರುತು, ಅಷ್ಟೆ. ಉಳಿದದ್ದೆಲ್ಲ ಅಂಗಡಿಯ ಪಟ್ಟಿ. ಮೈಯಲ್ಲಿ ಉಪ್ಪೆಷ್ಟು, ಸುಣ್ಣವೆಷ್ಟು ಎಂದು ಬರೆದು, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬರೆಯದ ವೈದ್ಯನನ್ನು ನೀವು ಏನೆನ್ನುತ್ತೀರಿ? ನಾನು ಅದನ್ನೇ ಈ ಚೀಟಿಗೆ ಅನ್ನುತ್ತೇನೆ.

ಈ ಯೋಜನೆ ಶುರುವಾದದ್ದು 2015ರ ಫೆಬ್ರುವರಿ 19ರಂದು, ರಾಜಸ್ಥಾನದ ಸೂರತ್‌ಗಢದಲ್ಲಿ. ದೇಶದ ತುಂಬ ಕೋಟಿಗಟ್ಟಲೆ ಚೀಟಿ ಹಂಚಿದರು. ಆಗಿನ ನಿಯಮದಂತೆ ನೀರಾವರಿ ಜಮೀನಿನಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತದಲ್ಲಿ ಹತ್ತು ಹೆಕ್ಟೇರಿಗೆ ಒಂದು. ಎರಡೂವರೆ ಹೆಕ್ಟೇರೆಂದರೆ ಆರು ಎಕರೆಯ ಮೇಲೆ. ನನ್ನದು ಎರಡೂವರೆ ಎಕರೆ. ಅಂದರೆ ಚೀಟಿಯಲ್ಲಿ ಹೆಸರು ನನ್ನದು, ಮಣ್ಣು ಮಗ್ಗುಲ ಹೊಲದವರದು ಆಗಿರಲೂಬಹುದು. ಆಮೇಲೆ ಈ ಕ್ರಮವನ್ನು ಅಲ್ಲಲ್ಲಿ ತಿದ್ದಿದರು, ಆಗಲಿ. ಪಕ್ಕದ ಮನೆಯವಳ ರಕ್ತ ಪರೀಕ್ಷಿಸಿ ನನಗೆ ಔಷಧಿ ಬರೆದರು ಎಂದು ನಾನೇನೂ ಜಗಳಕ್ಕೆ ನಿಂತಿಲ್ಲ. ನನ್ನ ಜಗಳ ಆ ಹನ್ನೆರಡರಲ್ಲಿ ಇಲ್ಲದ್ದರ ಬಗ್ಗೆ.

ಗೋಕಾಕದ ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವಳು. ‘ಶಿಲೀಂಧ್ರಗಳು ವಿಘಟಕಗಳು’ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಎರಡು ಅಂಕದ ಪ್ರಶ್ನೆ ಅದು. ಹುಡುಗಿಯರು ಬರೆದರು, ಪಾಸಾದರು, ಗಂಡನ ಮನೆಗೆ ಹೋದರು. ಅದರಾಚೆ ಆ ವಾಕ್ಯಕ್ಕೆ ಏನು ಅರ್ಥ ಎಂದು ನಾನೂ ಕೇಳಿಕೊಂಡಿರಲಿಲ್ಲ, ಅವರೂ ಕೇಳಲಿಲ್ಲ.

ನಮ್ಮ ಕಡೆ ಹೆಣ ಹೂಳುವುದಕ್ಕೆ ಹೋಗಿ ಬರುವುದಕ್ಕೆ ‘ಮಣ್ಣಿಗೆ ಹೋಗಿ ಬಂದೆವು’ ಎನ್ನುತ್ತಾರೆ. ಅವ್ವನ ಮಣ್ಣು ಆದದ್ದು ಇದೇ ಹೊಲದ ಮೂಲೆಯಲ್ಲಿ, ಬೇವಿನ ಮರದ ಹತ್ತಿರ. ಅಪ್ಪನೂ ಅಲ್ಲಿಯೇ ಇದ್ದಾನೆ. ಆ ಅರ್ಧ ಗುಂಟೆಯಷ್ಟು ಜಾಗಕ್ಕೆ ಯಾರೂ ನೇಗಿಲು ಹಾಯಿಸುವುದಿಲ್ಲ, ಟ್ರ್ಯಾಕ್ಟರು ತಿರುಗಿಸುವುದಿಲ್ಲ. ನೀರು ಹಾಯಿಸುವುದಿಲ್ಲ, ಗೊಬ್ಬರ ಚೆಲ್ಲುವುದಿಲ್ಲ. ಬೇವಿನ ಎಲೆ ಬಿದ್ದದ್ದು ಅಲ್ಲಿಯೇ ಬಿದ್ದಿರುತ್ತದೆ. 2021ರ ಮಳೆಗಾಲದಲ್ಲಿ ಅವ್ವನ ವರ್ಷದ ಪೂಜೆಗೆಂದು ಹೋದಾಗ ಕಲ್ಲಿನ ಸುತ್ತ ಕಸ ಸರಿಸಲು ಕೈ ಹಾಕಿದೆ. ಎಲೆಗಳು ಒಂದಕ್ಕೊಂದು ಅಂಟಿಕೊಂಡು ಚಾಪೆಯಂತೆ ಎದ್ದುಬಂದವು. ಅಡಿಯಲ್ಲಿ ಬೆಳ್ಳಗೆ, ತೆಳ್ಳಗೆ, ಕುಪ್ಪಸಕ್ಕೆ ಹಾಕಿದ ಕಚ್ಚಾ ಹೊಲಿಗೆಯಂತೆ ನೂಲು. ಮೂಸಿದರೆ ಮೊದಲ ಮಳೆಯ ವಾಸನೆ. ಅಲ್ಲಿಂದ ಹತ್ತು ಹೆಜ್ಜೆ ನಡೆದು ಕಬ್ಬಿನ ಸಾಲಿನಿಂದ ಒಂದು ಹೆಂಟೆ ಎತ್ತಿದೆ. ಅದೇ ಕರಿ ಮಣ್ಣು, ಅದೇ ಹೊಲ. ನೂಲಿಲ್ಲ. ವಾಸನೆಯೂ ಇಲ್ಲ, ಏನೋ ಸಿಮೆಂಟಿನ ಚೀಲ ಮೂಸಿದಂತೆ.

ಮನೆಗೆ ಬಂದು ಕಪಾಟಿನಿಂದ ಚೀಟಿ ತೆಗೆದೆ. ಈ ಎರಡು ಮಣ್ಣಿನ ನಡುವಿನ ವ್ಯತ್ಯಾಸ ಅದರಲ್ಲಿ ಎಲ್ಲಿಯೂ ಕಾಣಲಿಲ್ಲ.

ಮಣ್ಣಿನಲ್ಲಿರುವ ಜೀವಿಗಳ ಜಾತಿ ಬಹಳ. ಆದರೆ ಸಂಸಾರ ನಡೆಸುವವರು ಮುಖ್ಯವಾಗಿ ಇಬ್ಬರು: ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ. ನಾವು ಉಪ್ಪಿನಕಾಯಿಯ ಮೇಲೆ ಕಂಡರೆ ಬೂಷ್ಟು ಎಂದು ಬೈಯುತ್ತೇವಲ್ಲ, ಅದೇ ಕುಲ. ಒಳ್ಳೆಯ ಮಣ್ಣಿನ ಒಂದು ಚಹಾ ಚಮಚದಲ್ಲಿ ಹತ್ತು ಕೋಟಿಯಿಂದ ನೂರು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ ಎಂದು ಲೆಕ್ಕ. ಶಿಲೀಂಧ್ರವನ್ನು ಹಾಗೆ ಎಣಿಸುವುದಲ್ಲ, ನೂಲಿನಂತೆ ಅಳೆಯುವುದು. ಉಳುವ ಹೊಲದ ಅದೇ ಒಂದು ಚಮಚದಲ್ಲಿ ಕೆಲವು ಗಜ, ಕಾಡಿನ ಮಣ್ಣಾದರೆ ನೂರಾರು ಗಜ, ಚಳಿದೇಶದ ಪೈನ್ ಕಾಡುಗಳಲ್ಲಿ ಮೈಲಿಗಟ್ಟಲೆ. ಕೂದಲಿಗಿಂತ ಹತ್ತು ಪಟ್ಟು ತೆಳುವಾದ ನೂಲು ಎಂದಮೇಲೆ ಚಮಚದಲ್ಲಿ ಹಿಡಿಸುತ್ತದೆ ಬಿಡಿ.

ಇಬ್ಬರ ಸ್ವಭಾವವೂ ಬೇರೆ. ಬ್ಯಾಕ್ಟೀರಿಯಾಗೆ ಸಿಹಿ ಬೇಕು, ಹಸಿ ಬೇಕು, ಸಗಣಿ ಬೇಕು. ದೋಸೆ ಹಿಟ್ಟಿನಂತೆ, ರಾತ್ರಿ ಇಟ್ಟರೆ ಬೆಳಗಿಗೆ ಉಕ್ಕಿ ನಿಲ್ಲುತ್ತವೆ. ಅಷ್ಟೇ ಬೇಗ ಸತ್ತು ತಮ್ಮ ಮೈಯ ಸಾರಜನಕವನ್ನು ಮಣ್ಣಿಗೆ ಬಿಡುತ್ತವೆ. ಶಿಲೀಂಧ್ರ ನಿಧಾನದ ಜೀವ. ಒಣ ಹುಲ್ಲು, ಕಡ್ಡಿ, ಎಲೆ, ರವದಿ, ಬೇರೆಯವರು ಮುಟ್ಟದ ಗಟ್ಟಿ ಪದಾರ್ಥ ಅದರ ಊಟ. ತಿಂದದ್ದನ್ನು ಬೇಗ ಕಳೆಯುವುದಿಲ್ಲ, ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮತ್ತು ನಡೆಯುತ್ತದೆ! ಇಲ್ಲಿಯ ನೀರನ್ನು ಅಲ್ಲಿಗೆ, ಅಲ್ಲಿಯ ರಂಜಕವನ್ನು ಇಲ್ಲಿಗೆ ಸಾಗಿಸುತ್ತದೆ. ನಮ್ಮ ಅವ್ವಂದಿರು ಹಳೆ ಸೀರೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಕೌದಿ ಹೊಲಿಯುತ್ತಿದ್ದರಲ್ಲ, ಮಣ್ಣಿನ ಕಣಗಳು ಆ ತುಂಡುಗಳಾದರೆ ಬ್ಯಾಕ್ಟೀರಿಯಾದ ಅಂಟು ಅಂಬಲಿ, ಶಿಲೀಂಧ್ರದ ನೂಲು ಹೊಲಿಗೆ. ಹೊಲಿಗೆ ಇದ್ದರೆ ಮಳೆ ಬಿದ್ದರೂ ಮಣ್ಣು ಕರಗುವುದಿಲ್ಲ, ನೀರು ಒಳಗೆ ಇಳಿಯುತ್ತದೆ, ಗಾಳಿ ಆಡುತ್ತದೆ.

ಬೇರಿನೊಳಕ್ಕೇ ಮನೆ ಮಾಡಿಕೊಂಡಿರುವ ಶಿಲೀಂಧ್ರಗಳ ಕತೆ ಇನ್ನೂ ಚೆಂದ. 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್ ಇದಕ್ಕೆ ಮೈಕೊರೈಜಾ ಎಂದು ಹೆಸರಿಟ್ಟ. ‘ಬೂಷ್ಟು-ಬೇರು’ ಎಂದು ಅರ್ಥ. ಪ್ರಷ್ಯದ ಸರಕಾರ ಅವನಿಗೆ ಹೇಳಿದ್ದು ಶ್ರೀಮಂತರು ತಿನ್ನುವ ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಸುವ ದಾರಿ ಹುಡುಕು ಎಂದು. ಅದು ಅವನಿಗೆ ಒಲಿಯಲಿಲ್ಲ, ಇದು ಸಿಕ್ಕಿತು. ಗೋವಿನಜೋಳ, ಬಿಳಿಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ, ತೊಗರಿ, ಅರಿಷಿಣ, ಕಬ್ಬು, ಇವೆಲ್ಲವೂ ಈ ಸಂಬಂಧ ಬೆಳೆಸುತ್ತವೆ. ಸಾಸಿವೆ, ಮೂಲಂಗಿ, ಕೋಸಿನ ಬಳಗ ಮಾತ್ರ ಒಲ್ಲೆ ಎನ್ನುತ್ತದೆ. ಪ್ರತಿ ಬಳಗದಲ್ಲೂ ಅಂಥವರಿರುತ್ತಾರೆ. ಗಿಡ ಸಕ್ಕರೆ ಕೊಡುತ್ತದೆ, ಬೂಷ್ಟು ದೂರದಿಂದ ರಂಜಕ ಮತ್ತು ಸತುವನ್ನು ತಂದುಕೊಡುತ್ತದೆ. ನಮ್ಮಲ್ಲಿಯೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ದಶಕಗಟ್ಟಲೆ ಇದರ ಮೇಲೆಯೇ ಕೆಲಸ ಮಾಡಿದರು. ಗೊತ್ತಿಲ್ಲದ ವಿಷಯವೇನಲ್ಲ.

ಈಗ ನನ್ನ ಚೀಟಿಯ ತಮಾಷೆ ನೋಡಿ. ಒಂದು ಸಾಲಿನಲ್ಲಿ ರಂಜಕ ‘ಅಧಿಕ’. ಮೂರು ಸಾಲು ಕೆಳಗೆ ಸತು ‘ಕೊರತೆ’, ಆದ್ದರಿಂದ ಜಿಂಕ್ ಸಲ್ಫೇಟ್ ಕೊಂಡು ಹಾಕಿ. ರಂಜಕ ಕೈಗೆಟುಕುವಷ್ಟು ಬಿದ್ದಿದ್ದರೆ ಬೇರು ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ. ಮನೆಯಲ್ಲೇ ಅಡಿಗೆ ಇರುವಾಗ ಖಾನಾವಳಿಗೆ ಯಾರು ದುಡ್ಡು ಕೊಡುತ್ತಾರೆ? ಶಿಲೀಂಧ್ರ ಸೊರಗುತ್ತದೆ. ಅದರ ಜೊತೆ ಬರುತ್ತಿದ್ದ ಸತುವೂ ಕಡಿಮೆಯಾಗುತ್ತದೆ. ಕರಿಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಾದ್ದರಿಂದ ಸತು ಬೇರಿಗೆ ಸಿಕ್ಕುವುದು ಮೊದಲೇ ಕಷ್ಟ. ಅಧಿಕವೂ ಕೊರತೆಯೂ ಒಂದೇ ಕಾಗದದ ಮೇಲೆ ಇವೆ, ಒಂದಕ್ಕೊಂದು ನಂಟಿದೆ ಎಂದು ಆ ಕಾಗದ ಹೇಳುವುದಿಲ್ಲ. ಹೇಳಿದರೆ ಒಂದು ಚೀಲ ಕಡಿಮೆ ಕೊಳ್ಳಬೇಕಾಗುತ್ತದೆ. ಈಗ ಒಂದು ಚೀಲ ಹೆಚ್ಚು ಕೊಳ್ಳುತ್ತೇವೆ.

ನಮ್ಮ ಸೀಮೆಯಲ್ಲಿ ಈ ಹೊಲಿಗೆ ಹರಿದದ್ದು ಹೇಗೆ? ಒಂದೇ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ. ಘಟಪ್ರಭೆಯ ನೀರು ನಮಗೆ ಹೊಸದಲ್ಲ. ಧೂಪದಾಳದ ಒಡ್ಡು ಮುಗಿದದ್ದು 1897ರಲ್ಲಿ. ಆಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿಯ ಜಲಾಶಯ ಬಂತು, ಕಾಲುವೆ ಉದ್ದವಾಯಿತು, ಕಾರ್ಖಾನೆಗಳು ಬಂದವು, ಜೋಳ ಹಿಂದೆ ಸರಿದು ಕಬ್ಬು ನಿಂತಿತು. ಕಬ್ಬನ್ನು ಬೈದು ಪ್ರಯೋಜನವಿಲ್ಲ. ನನ್ನ ತಮ್ಮನ ಇಂಜಿನಿಯರಿಂಗ್ ಕಬ್ಬಿನದು, ನನ್ನ ಮದುವೆಯ ಬಂಗಾರವೂ ಕಬ್ಬಿನದೇ. ಆದರೆ ಕಬ್ಬಿನ ಜೊತೆ ನಾವು ಮಾಡಿದ್ದು ನಾಲ್ಕು. ನೀರು ನಿಲ್ಲಿಸಿದೆವು, ಶಿಲೀಂಧ್ರಕ್ಕೆ ಉಸಿರಾಡಲು ಗಾಳಿ ಬೇಕು, ವಾರಗಟ್ಟಲೆ ನಿಂತ ನೀರಿನಲ್ಲಿ ಅದು ಬದುಕುವುದು ಕಷ್ಟ. ರಂಟೆ, ರೋಟಾವೇಟರ್ ಎಂದು ಮತ್ತೆ ಮತ್ತೆ ಕಡಿದೆವು. ಒಂಟಿ ಕೋಶದ ಬ್ಯಾಕ್ಟೀರಿಯಾ ಹೇಗೋ ತಪ್ಪಿಸಿಕೊಳ್ಳುತ್ತದೆ, ನೂಲು ತುಂಡಾಗುತ್ತದೆ. ಚೀಲಗಟ್ಟಲೆ ಯೂರಿಯಾ ಸುರಿದೆವು. ನಾಲ್ಕನೆಯದು ಬೆಂಕಿ.

ಕಬ್ಬು ಕಡಿದು ಗ್ಯಾಂಗಿನವರು ಹೋದಮೇಲೆ ಎಕರೆಗೆ ಮೂರು ನಾಲ್ಕು ಟನ್ ರವದಿ ಉಳಿಯುತ್ತದೆ. ಸಂಜೆಗೆ ಒಂದು ಕಡ್ಡಿ ಗೀರಿದರೆ ಮುಗಿಯಿತು. ಫೆಬ್ರುವರಿ ಮಾರ್ಚಿನಲ್ಲಿ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಮೇಲೆ ಕರಿ ಬಂದು ಕೂಡುತ್ತದಲ್ಲ, ಊರಂಚಿನ ಬಡಾವಣೆಗಳವರು ಎಲ್ಲರೂ ಕಂಡಿದ್ದೀರಿ, ‘ಈ ಕರಿ ಎಲ್ಲಿಂದ ಬಂತೋ’ ಎಂದು ಬೈದುಕೊಂಡು ಸೀರೆ ಕೊಡವಿದ್ದೀರಿ. ನನ್ನ ಮಾಳಿಗೆಯ ಮೇಲೂ ಬಿದ್ದಿದೆ. ಅದರಲ್ಲಿ ನನ್ನ ಹೊಲದ ಕರಿಯೂ ಇತ್ತೇನೋ. ಬೆಂಕಿಯ ಬಿಸಿ ಮಣ್ಣಿನಲ್ಲಿ ಒಂದೆರಡು ಇಂಚಿಗಿಂತ ಕೆಳಗೆ ಹೆಚ್ಚಾಗಿ ಇಳಿಯುವುದಿಲ್ಲ, ಸುಟ್ಟು ಸಾಯುವುದಕ್ಕಿಂತ ದೊಡ್ಡ ನಷ್ಟ ಊಟದ್ದು. ರವದಿಯಲ್ಲಿ ಸಾರಜನಕ ಒಂದು ಪಾಲಿದ್ದರೆ ಇಂಗಾಲ ಎಂಬತ್ತು, ನೂರು ಪಾಲು. ಅದು ಹೇಳಿ ಮಾಡಿಸಿದ ಬೂಷ್ಟಿನ ಊಟ. ವರ್ಷಕ್ಕೊಮ್ಮೆ ಬರುವ ಆ ಊಟವನ್ನು ಎಲೆಯ ಮುಂದೆಯೇ ಸುಟ್ಟು, ಮರುದಿನ ಯೂರಿಯಾ ಬಡಿಸಿದರೆ ಪಂಕ್ತಿಯಲ್ಲಿ ಉಳಿಯುವವರು ಯಾರು? ಬ್ಯಾಕ್ಟೀರಿಯಾ. ಅವೂ ಮಣ್ಣಿನಲ್ಲಿ ಇದ್ದಬದ್ದ ಹಳೆಯ ಇಂಗಾಲವನ್ನೇ ತಿಂದು ಮುಗಿಸುತ್ತ ಹೋಗುತ್ತವೆ. ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ಇರಬೇಕಾದ ತೂಕ ತಪ್ಪುವುದು ಹೀಗೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನ ಹಳೆಯ ವಿದ್ಯಾರ್ಥಿನಿಯರು ನಗುತ್ತಾರೆ. ಈ ತೂಕವನ್ನು ಮಣ್ಣಿನ ಆರೋಗ್ಯದ ಅಳತೆಗೋಲು ಎಂದು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಎಲೇನ್ ಇಂಗಮ್ ಮುಖ್ಯರು. ತರಕಾರಿಗೆ ಇಷ್ಟು, ಹುಲ್ಲಿಗೆ ಇಷ್ಟು, ಮರಕ್ಕೆ ಇಷ್ಟು ಎಂದು ಅವರ ಲೆಕ್ಕ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿದರೆ ಒಂದು ಉತ್ತರ, ಕೋಶದ ಕೊಬ್ಬನ್ನು ತೆಗೆದು ಅಳೆದರೆ ಇನ್ನೊಂದು. ಹುಳಿಮಣ್ಣಿನಲ್ಲಿ ಶಿಲೀಂಧ್ರ ತಾನಾಗಿಯೇ ಹೆಚ್ಚು, ನಮ್ಮಂಥ ಸುಣ್ಣದ ಕರಿಮಣ್ಣಿನಲ್ಲಿ ಬ್ಯಾಕ್ಟೀರಿಯಾದ ಕೈ ಮೇಲು. ಆದ್ದರಿಂದ ಮಸಗುಪ್ಪಿಯ ಎರೆಯನ್ನು ಅಮೆರಿಕದ ಪೈನ್ ಕಾಡಿನೊಂದಿಗೆ ತೂಗಬೇಡಿ. ಅದೇ ಹೊಲದ ಉಳದ ಬದುವಿನೊಂದಿಗೆ ತೂಗಿರಿ. ಹೊಲಕ್ಕೂ ಬದುವಿಗೂ ಎಷ್ಟು ಅಂತರ ಬಿದ್ದಿದೆಯೋ ಅಷ್ಟು ನಾವು ಮಾಡಿದ್ದು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ.

ನಾನು ಮಾಡಿದ್ದು ಇಷ್ಟೆ. ಮನೆಯವರ ಹಳೆಯ ಧೋತರದಿಂದ ಒಂದೇ ಅಳತೆಯ ಎರಡು ತುಂಡು ಕತ್ತರಿಸಿ, ಒಂದನ್ನು ಅವ್ವನ ಕಲ್ಲಿನ ಮಗ್ಗುಲಿಗೆ, ಇನ್ನೊಂದನ್ನು ಕಬ್ಬಿನ ಸಾಲಿನಲ್ಲಿ, ಗೇಣುದ್ದ ಆಳಕ್ಕೆ ಹುಗಿದು ಗೂಟ ನೆಟ್ಟು ಬಂದೆ. ಶುದ್ಧ ಹತ್ತಿಯೇ ಆಗಬೇಕು, ಪಾಲಿಯೆಸ್ಟರ್ ಸೇರಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಹಾಗೇ ಇರುತ್ತದೆ. ಎರಡು ತಿಂಗಳ ಮೇಲೆ ಅಗೆದೆ. ಬೇವಿನ ಬುಡದಲ್ಲಿ ಸಿಕ್ಕಿದ್ದು ಅಂಚಿನ ಹೊಲಿಗೆ ಮತ್ತು ಬೆರಳಗಲದ ಚಿಂದಿ. ಕಬ್ಬಿನಲ್ಲಿದ್ದದ್ದು ಕಂದುಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ತೂತು, ಒಗೆದರೆ ಒಲೆ ಒರೆಸುವುದಕ್ಕೆ ಬರುವಂತಿತ್ತು. ಬಟ್ಟೆಯನ್ನು ತಿನ್ನುವವರು ಇಬ್ಬರೂ ಹೌದು, ಆದ್ದರಿಂದ ಈ ಪರೀಕ್ಷೆ ತೂಕವನ್ನು ಹೇಳುವುದಿಲ್ಲ, ಜೀವವನ್ನು ಹೇಳುತ್ತದೆ. ತೂಕದ ಸುಳಿವು ಬೇಕಾದರೆ ಎರಡೂ ಕಡೆಯ ಒಣ ಹೆಂಟೆಯನ್ನು ಗಾಜಿನ ಲೋಟದ ನೀರಿನಲ್ಲಿ ಬಿಡಿ. ಬದುವಿನ ಹೆಂಟೆ ಗುಳ್ಳೆ ಬಿಡುತ್ತ ಕೂತೇ ಇತ್ತು. ಕಬ್ಬಿನ ಹೆಂಟೆ ನಾನು ಗಡಿಯಾರ ನೋಡುವಷ್ಟರಲ್ಲಿ ಚಹಾದಲ್ಲಿ ಅದ್ದಿದ ಬಿಸ್ಕೀಟಿನಂತೆ ಕುಸಿಯಿತು. ಹೊಲಿಗೆ ಇಲ್ಲದ ಕೌದಿ.

ಈ ಲೋಟ ಎರಡನ್ನೂ ಎದುರಿಗಿಟ್ಟುಕೊಂಡು ನಾನು ಹೊಲ ಮಾಡುವವನನ್ನು ಕರೆಸಿದೆ. ಸಿಟ್ಟು ಇತ್ತು. ಪಾಠ ಹೇಳುವ ಹಳೆಯ ಚಟವೂ ಇತ್ತು. ಅವನು ಸಮಾಧಾನದಿಂದ ಕೇಳಿದ, ಲೋಟ ಎತ್ತಿ ನೋಡಿದ, ಮತ್ತೆ ಇಟ್ಟ.

“ಅಕ್ಕೋರ, ಬೆಂಕಿ ಹಚ್ಚಬಾರದು ಅಂತ ನನಗೂ ಗೊತ್ತೈತ್ರಿ. ನನ್ನ ಸ್ವಂತ ಒಂದೆಕರೆ ಐತಲ್ಲ, ಅದರಾಗ ನಾ ರವದಿ ಸುಡೂದಿಲ್ಲ. ನಿಮ್ಮದು ವರ್ಷದ ಲಾವಣಿ. ಬರೂ ಯುಗಾದಿಗೆ ನನಗ ಕೊಡ್ತೀರೋ, ಹೆಚ್ಚಿಗಿ ಕೊಡಾವರಿಗೆ ಕೊಡ್ತೀರೋ. ರವದಿ ಕೊಳಿಯಾಕ ಎರಡು ವರ್ಷ ಬೇಕು. ನಾ ಉಣಸಿದ್ದು ಮತ್ತೊಬ್ಬ ಉಣ್ಣಲೇನ್ರಿ?”

ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಇಷ್ಟು ಸರಿಯಾದ ಉತ್ತರವನ್ನು ನನಗೆ ಯಾವ ವಿದ್ಯಾರ್ಥಿಯೂ ಕೊಟ್ಟಿರಲಿಲ್ಲ. ನಾನು ಲೋಟದ ನೀರು ಬಚ್ಚಲಿಗೆ ಚೆಲ್ಲಿ ಬಂದೆ.

ಇಲ್ಲಿಂದ ಮುಂದಿನ ಜಗಳ ಸರಕಾರದ ಜೊತೆ ಅಲ್ಲ, ನಿಮ್ಮ ಜೊತೆ. ನನ್ನ ಜೊತೆ ಕೂಡ. 1994ರಲ್ಲಿ ನಮ್ಮ ರಾಜ್ಯ, 2005ರಲ್ಲಿ ಇಡೀ ದೇಶ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕಾನೂನು ತಿದ್ದಿತು. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಂಡರು, ಅದು ಬೇರೆ ಕತೆ. ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿ, ಬೆಳಗಾವಿಯ ಮನೆಗಳಲ್ಲಿ ಕೂತು ಹಳ್ಳಿಯ ಉತಾರದಲ್ಲಿ ಹೆಸರಿರುವ ಹೆಂಗಸರು ಈಗ ಕಡಿಮೆಯಿಲ್ಲ. ಆ ಹೆಸರಿಗಾಗಿ ನಾವು ಜಗಳ ಮಾಡಿದೆವು, ಅತ್ತೆವು, ಕೆಲವರು ಕೋರ್ಟಿಗೂ ಹೋದೆವು. ಹೆಸರು ಬಂದಮೇಲೆ ಮಾಡಿದ್ದೇನು? ಯುಗಾದಿ ಪಾಡ್ಯದ ಹಿಂದು ಮುಂದು ಬರುವ ಲಾವಣಿಯ ಪಾಕೀಟು ಎಣಿಸಿದೆವು. ಹಾಲಿನವನು ನೀರು ಬೆರೆಸಿದ್ದಾನೆಯೇ ಎಂದು ಬೆರಳು ಅದ್ದಿ ನೋಡುತ್ತೇವೆ, ಬಂಗಾರವನ್ನು ಎರಡು ಅಂಗಡಿಯಲ್ಲಿ ತಿಕ್ಕಿಸಿ ನೋಡುತ್ತೇವೆ, ಹೊಲವನ್ನು ಮಾತ್ರ ನೋಡುವುದಿಲ್ಲ. ಹೋದ ವರ್ಷಕ್ಕಿಂತ ಎಕರೆಗೆ ಎರಡು ಸಾವಿರ ಹೆಚ್ಚು ಕೊಡುವವನು ಸಿಕ್ಕರೆ ಅವನಿಗೇ ಕೊಡುತ್ತೇವೆ. ನಾನೂ ಎರಡು ಸಲ ಹಾಗೆಯೇ ಬದಲಿಸಿದ್ದೆ.

ಅದರ ಮೇಲೆ ಕಾನೂನಿನ ತೊಡಕು ಬೇರೆ. ಉಳುವವನೇ ಹೊಲದೊಡೆಯ ಎಂದು 1974ರ ಮಾರ್ಚ್ 1ರಿಂದ ನಮ್ಮ ರಾಜ್ಯದಲ್ಲಿ ಗೇಣಿಯನ್ನು ತೆಗೆದುಹಾಕಿದರು. ಆಗಿನ ಕಾಲಕ್ಕೆ ಅದು ದೊಡ್ಡ ನ್ಯಾಯ, ಅದರಿಂದ ಹೊಲ ಕಂಡ ಎಷ್ಟೋ ಮನೆತನಗಳಿವೆ. ನಾನು ಅದನ್ನು ಅಳಿಸಿ ಎನ್ನುವವಳಲ್ಲ. ಆದರೆ ಕಾಗದದ ಮೇಲೆ ಗೇಣಿ ಇಲ್ಲದ್ದರಿಂದ ಲಾವಣಿ ಎಲ್ಲ ಬಾಯಿಮಾತಿನದು. ಒಬ್ಬನೇ ನಾಲ್ಕೈದು ವರ್ಷ ಹೊಲದಲ್ಲಿ ನಿಂತರೆ ಹಕ್ಕು ಕೇಳಿಯಾನು ಎಂದು ಒಡತಿಗೆ ಭಯ. ಬರುವ ವರ್ಷ ಬಿಡಿಸಿಯಾರು ಎಂದು ಮಾಡುವವನಿಗೆ ಭಯ. ಈ ಎರಡು ಭಯಗಳ ನಡುವೆ ಹೊಲ ವರ್ಷ ವರ್ಷ ಕೈ ಬದಲಿಸುತ್ತದೆ, ಮತ್ತು ವರ್ಷದ ಲೆಕ್ಕದಲ್ಲಿ ಬೆಳೆಯುವುದು ಬ್ಯಾಕ್ಟೀರಿಯಾ ಮಾತ್ರ. ಶಿಲೀಂಧ್ರಕ್ಕೆ ಕಾಲಾವಕಾಶ ಬೇಕು. ಮಣ್ಣಿನ ತೂಕ ತಪ್ಪಿದ್ದಕ್ಕೆ ರೈತನ ಅಜ್ಞಾನವೇ ಕಾರಣ ಎಂದು ಭಾಷಣ ಮಾಡುವವರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಹೇಳುವುದಿಲ್ಲವೋ.

ಡಬ್ಬಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಈಗ ಅಂಗಡಿಗಳಲ್ಲಿ ಜೀವಾಣು ತುಂಬಿದ ಪುಡಿ, ದ್ರಾವಣ ಬಹಳ ಸಿಗುತ್ತವೆ. ಒಳ್ಳೆಯವೂ ಇವೆ. ಬೇಸಗೆಯಲ್ಲಿ ತಗಡಿನ ಮಾಡಿನ ಅಂಗಡಿಯಲ್ಲಿ ತಿಂಗಳುಗಟ್ಟಲೆ ಬೆಂದ ಪಾಕೀಟಿನಲ್ಲಿ ಎಷ್ಟು ಜೀವ ಉಳಿದಿರುತ್ತದೆ ಎಂದು ಒಂದು ಸಲ ಯೋಚಿಸಿ. ಉಳಿದಿದ್ದರೂ ಊಟವಿಲ್ಲದ ಮನೆಗೆ ಬೀಗರನ್ನು ಕಳಿಸಿದಂತೆ. ಜೀವಾಮೃತ ಮಾಡುವವರಿಗೂ ಇದೇ ಮಾತು. ಸಗಣಿ, ಗಂಜಲ, ಬೆಲ್ಲ, ಕಾಳಿನ ಹಿಟ್ಟು, ಇದು ದೋಸೆ ಹಿಟ್ಟಿನ ಅಕ್ಕ. ಮುಖ್ಯವಾಗಿ ಉಕ್ಕಿಸುವುದು ಬ್ಯಾಕ್ಟೀರಿಯಾವನ್ನೇ. ಸುಭಾಷ್ ಪಾಳೇಕರರೂ ಅದರ ಜೊತೆ ಮಣ್ಣಿಗೆ ಹೊದಿಕೆ ಬೇಕೇ ಬೇಕು ಎಂದಿದ್ದಾರೆ. ಡ್ರಮ್ಮಿನ ಮಾತು ಎಲ್ಲರಿಗೂ ನೆನಪಿದೆ, ಹೊದಿಕೆಯ ಮಾತು ಮರೆತಿದೆ. ಬೆಳಿಗ್ಗೆ ಜೀವಾಮೃತ ಬಿಟ್ಟು ಸಂಜೆ ರವದಿಗೆ ಬೆಂಕಿ ಹಚ್ಚಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

2022ರ ಯುಗಾದಿಗೆ ನಾನು ಅವನಿಗೆ ಮಾತು ಕೊಟ್ಟೆ. ಐದು ವರ್ಷ ನೀನೇ ಮಾಡು, ಲಾವಣಿ ಏರಿಸುವುದಿಲ್ಲ, ಮೊದಲ ಎರಡು ವರ್ಷ ಸ್ವಲ್ಪ ಇಳಿಸುತ್ತೇನೆ. ಬೆಂಕಿ ಇಲ್ಲ. ರವದಿ ಸಾಲು ಬಿಟ್ಟು ಸಾಲಿಗೆ ಹಾಸಬೇಕು, ಕೂಳೆ ಕಬ್ಬಿಗೆ ನಡುವೆ ರಂಟೆ ಹೊಡೆಯಬಾರದು. ನನ್ನ ತಮ್ಮ ಫೋನಿನಲ್ಲಿ ನಕ್ಕ: “ಬೂಷ್ಟಿನ ಸಲುವಾಗಿ ರೊಕ್ಕ ಬಿಡಾಕಿ ನೀ ಒಬ್ಬಾಕಿನ.” ಓಣಿಯವರೂ ನಕ್ಕರು. ಮೊದಲ ವರ್ಷ ನಗುವವರ ಮಾತೇ ನಿಜವಾಯಿತು. ಕಬ್ಬು ಹಳದಿ ತಿರುಗಿತು. ರವದಿ ಕೊಳೆಸಲು ಕೂತ ಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಎಳೆದುಕೊಂಡವು, ಬೆಳೆಗೆ ಉಳಿಯಲಿಲ್ಲ. ಪುಸ್ತಕದಲ್ಲಿ ಇದ್ದ ಮಾತೇ, ನಾನು ಮೊದಲೇ ಹೇಳಿರಲಿಲ್ಲ, ತಪ್ಪು ನನ್ನದು. ಮರುವರ್ಷ ಹಾಸಿದ ರವದಿಯ ಮೇಲೆ ಸಗಣಿ ನೀರೂ ಒಂದಿಷ್ಟು ಯೂರಿಯಾವೂ ಚೆಲ್ಲಿದೆವು. ಹೌದು, ಯೂರಿಯಾ. ನಾನು ಯೂರಿಯಾದ ಶತ್ರು ಅಲ್ಲ. ನಮ್ಮವ್ವ ಅದನ್ನು ‘ಸರಕಾರಿ ಗೊಬ್ಬರ’ ಎಂದು ಕರೆದು ಬಂಗಾರದಂತೆ ಅಳೆದು ಹಾಕುತ್ತಿದ್ದಳು. ಸುರಿಯುವುದನ್ನು ಕಲಿತವರು ನಾವು.

ಈಗ ಹಾಸಿದ ರವದಿಯ ಅಡಿಗೆ ಕೈ ಹಾಕಿದರೆ ಅಲ್ಲಲ್ಲಿ ಆ ಬಿಳಿ ನೂಲು ಕಾಣುತ್ತದೆ. ಎಲ್ಲ ಕಡೆ ಅಲ್ಲ. ಬೇಸಗೆಯಲ್ಲಿ ಎರಡು ನೀರಿನ ನಡುವೆ ಮೂರು ನಾಲ್ಕು ದಿನ ಹೆಚ್ಚಿಗೆ ತಡೆಯುತ್ತದೆ ಎಂದು ಅವನು ಹೇಳುತ್ತಾನೆ. ಅದು ಬೂಷ್ಟಿನ ಪುಣ್ಯವೋ, ಬರೇ ನೆರಳಿನ ಪುಣ್ಯವೋ, ನಾನು ಆಣೆ ಹಾಕಲಾರೆ. ಕಬ್ಬಿನ ತೂಕ ಮೊದಲಿನಷ್ಟಕ್ಕೆ ಬಂದಿದೆ, ಹೆಚ್ಚಾಗಿಲ್ಲ. ಗೊಬ್ಬರದ ಅಂಗಡಿಯ ಉದ್ರಿ ಇಳಿದಿದೆಯಂತೆ. ಅದನ್ನು ಹೇಳುವಾಗ ಮಾತ್ರ ಅವನ ಮುಖ ನೋಡಬೇಕು.

ಹಿಂದೊಮ್ಮೆ ಕೃಷಿಯ ಕೆಲಸದಲ್ಲಿರುವ ಅಧಿಕಾರಿಯೊಬ್ಬರ ಮುಂದೆ ಈ ಹದಿಮೂರನೆಯ ಸಾಲಿನ ಮಾತೆತ್ತಿದ್ದೆ. ಶಿಲೀಂಧ್ರ, ಬ್ಯಾಕ್ಟೀರಿಯಾ ಅಳೆಯುವುದು ದುಬಾರಿ ಮೇಡಂ, ಲಕ್ಷಗಟ್ಟಲೆ ಮಾದರಿಗಳಿಗೆ ಆಗುವ ಮಾತಲ್ಲ ಎಂದರು. ಸುಳ್ಳಲ್ಲ. ಆದರೆ ಪ್ರತಿ ಮಾದರಿಗೂ ಅಳೆಯಿರಿ ಎಂದವರು ಯಾರು? ಹೋಬಳಿಗೆ ಹತ್ತು ಹೊಲ ಆರಿಸಿ, ಅವುಗಳ ಬದುವನ್ನೂ ಸೇರಿಸಿ, ನಾಲ್ಕು ವರ್ಷಕ್ಕೊಮ್ಮೆ ಅಳೆದರೆ ಸಾಕು. ಮಿಕ್ಕವರಿಗೆ ಒಂದು ಲೋಟ ನೀರಿನ ಪರೀಕ್ಷೆಯನ್ನು ಚೀಟಿಯ ಹಿಂಬದಿಯಲ್ಲಿ ಚಿತ್ರ ಸಹಿತ ಅಚ್ಚು ಹಾಕಿ. ನಮ್ಮ ಮಗ್ಗುಲಲ್ಲೇ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಸೂಕ್ಷ್ಮದರ್ಶಕ ಹಿಡಿಯಬಲ್ಲ ನೂರಾರು ಹುಡುಗಿಯರು ಅಲ್ಲಿ ಕಲಿಯುತ್ತಿದ್ದಾರೆ. ಅವರು ಚಹಾ ತರಿಸಿದರು, ಮಾತು ಮಳೆಯ ಕಡೆಗೆ ತಿರುಗಿತು.

ಈ ಸೀಗೆ ಹುಣ್ಣಿಮೆಗೆ ಚರಗ ಚೆಲ್ಲಲು ಹೋದಾಗ ಮತ್ತೆರಡು ತುಂಡು ಬಟ್ಟೆ ಹುಗಿದು ಬಂದಿದ್ದೇನೆ, ಒಂದು ಅವ್ವನ ಹತ್ತಿರ, ಒಂದು ಕಬ್ಬಿನಲ್ಲಿ. ಧೋತರ ಮುಗಿದಿತ್ತು, ನನ್ನದೇ ಹಳೆಯ ಪರಕಾರ ಕತ್ತರಿಸಿದೆ. ಕಬ್ಬಿನ ಗೂಟಕ್ಕೆ ಅವನೇ ಕೆಂಪು ದಾರ ಕಟ್ಟಿದ. ಕಡಿಯಲು ಬರುವ ಗ್ಯಾಂಗಿನವರು ಕಿತ್ತು ಎಸೆಯಬಾರದಲ್ಲ.